ಯಾವ ಕಿವಿಗೆ ಯಾವ ಮೆಟಲ್: ಬ್ಯಾಂಡ್ ಹೇಳಿಕೊಡುವವರಿಗೊಂದು ಕೈಪಿಡಿ

“ಅಣ್ಣಾ, ಮೆಟಲ್ ಕೇಳಬೇಕಂತ ಮಾಡೀನಿ. ಯಾವುದರಿಂದ ಸುರು ಮಾಡ್ಲಿ?”

ಬೆಳಗಾವಿಯ ಹಾಸ್ಟೆಲ್ ಕೋಣೆಯಲ್ಲಿ, ಬಾಗಲಕೋಟೆಯ ಕಾಲೇಜು ಕ್ಯಾಂಟೀನಿನಲ್ಲಿ, ವಿಜಯಪುರದ ಗಿಟಾರ್ ಕ್ಲಾಸಿನ ಬಾಗಿಲಲ್ಲಿ, ಜೋರು ಗಿಟಾರ್, ಡ್ರಮ್ಮಿನ ರಾಕ್ ಸಂಗೀತವಾದ ಹೆವಿ ಮೆಟಲ್ ಬಗ್ಗೆ ಈ ಪ್ರಶ್ನೆ ಬಂದಾಗ ಹೆಚ್ಚಿನವರು ತಮಗೆ ಪ್ರಿಯವಾದ ಹತ್ತು ಬ್ಯಾಂಡುಗಳ ಹೆಸರನ್ನು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಕೇಳಿದ ಹುಡುಗ ಅದರಲ್ಲಿ ಮೊದಲಿನದನ್ನು ಹಚ್ಚುತ್ತಾನೆ. ಅದು ಕ್ಯಾನಿಬಲ್ ಕಾರ್ಪ್ಸ್‌ನಂಥ ಗರ್ಜನೆಯ ಬ್ಯಾಂಡ್ ಆಗಿದ್ದರೆ ನಲವತ್ತು ಸೆಕೆಂಡಿಗೆ ಬಂದ್ ಮಾಡುತ್ತಾನೆ, ಮುಂದೆ ಹತ್ತು ವರ್ಷ ‘ಮೆಟಲ್ ಅಂದರ ಬರೇ ಒದರೂದು’ ಅನ್ನುತ್ತಾನೆ. ತಪ್ಪು ಅವನದಲ್ಲ. ಅವನ ಕಿವಿಗೆ ಏನು ಹಿಡಿಸುತ್ತದೆ ಅಂತ ಯಾರೂ ಕೇಳಿರಲಿಲ್ಲ.

ಹೆವಿ ಮೆಟಲ್ಲಿನ ಒಳಪ್ರಕಾರಗಳಿಗೆ ನೂರಾರು ಹೆಸರುಗಳಿವೆ. ಅವನ್ನು ಬಾಯಿಪಾಠ ಮಾಡಿದರೆ ಕಿವಿ ಬೆಳೆಯುವುದಿಲ್ಲ. ಲಯ, ಸ್ವರ, ಕಂಠ ಈ ಮೂರನ್ನು ಹಿಡಿದು ಹೊರಟರೆ ಹೆಸರುಗಳು ತಾವಾಗಿಯೇ ನೆನಪಿನಲ್ಲಿ ಕೂರುತ್ತವೆ. ಅದರಲ್ಲೂ ನಮ್ಮ ಕಡೆಯವರಿಗೆ ಇದು ಸಲೀಸು. ಭಜನೆಯ ಪೇಟಿ, ತಬಲಾ, ಕರಡಿ ಮಜಲು, ಹಲಗಿ ಕೇಳುತ್ತ ಬೆಳೆದ ಕಿವಿಗೆ ಮೆಟಲ್ಲಿನ ಅರ್ಧ ವ್ಯಾಕರಣ ಮೊದಲೇ ಗೊತ್ತಿರುತ್ತದೆ. ಅದನ್ನು ಗುರುತು ಹಚ್ಚಿಕೊಡುವುದಷ್ಟೇ ಹೇಳಿಕೊಡುವವರ ಕೆಲಸ.

ಮೊದಲು ಸಲಕರಣೆ ಸರಿ ಮಾಡಿ

ಮೊಬೈಲಿನ ಸ್ಪೀಕರಿನಲ್ಲಿ ಮೆಟಲ್ ಕೇಳಿಸಬೇಡಿ. ಸಾಮಾನ್ಯ ಶ್ರುತಿಯ ಗಿಟಾರಿನ ದಪ್ಪ ತಂತಿ 82 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ಬೇಸ್ ಗಿಟಾರಿನದು 41 ಹರ್ಟ್ಸ್. ಶ್ರುತಿ ಇಳಿಸಿಕೊಂಡ ಬ್ಯಾಂಡುಗಳ ಗಿಟಾರ್ 62 ಹರ್ಟ್ಸ್‌ವರೆಗೂ ಹೋಗುತ್ತದೆ. ಫೋನಿನ ಸಣ್ಣ ಸ್ಪೀಕರಿನಿಂದ 200 ಹರ್ಟ್ಸ್‌ಗಿಂತ ಕೆಳಗಿನ ನಾದ ಬಹುಮಟ್ಟಿಗೆ ಹೊರಡುವುದೇ ಇಲ್ಲ. ಉಳಿಯುವುದು ಸಿಂಬಲ್ಲಿನ ಚರಚರ ಮತ್ತು ಗಾಯಕನ ಕೂಗು ಮಾತ್ರ. ‘ಬರೇ ಗದ್ದಲ’ ಅನ್ನುವ ದೂರು ಅರ್ಧಕ್ಕರ್ಧ ಇಲ್ಲಿಂದಲೇ ಹುಟ್ಟುತ್ತದೆ. ಸಾಧಾರಣ ಬೆಲೆಯ ತಂತಿ ಇಯರ್‌ಫೋನ್ ಆದರೂ ಸಾಕು, ಆದರೆ ರಬ್ಬರ್ ತುದಿ ಕಿವಿಗೆ ಬಿಗಿಯಾಗಿ ಕೂರಬೇಕು. ತುದಿ ಸಡಿಲಾದರೆ ಕೆಳಗಿನ ನಾದವೆಲ್ಲ ಸೋರಿಹೋಗುತ್ತದೆ.

ಆ್ಯಪಿನ ‘ಬೇಸ್ ಬೂಸ್ಟ್’ ಬಂದ್ ಮಾಡಿ. ಈಕ್ವಲೈಸರಿನಲ್ಲಿ ಎರಡೂ ತುದಿ ಏರಿಸಿ ನಡುವೆ ತಗ್ಗು ಮಾಡುವ ರೂಢಿ ಸಿನಿಮಾ ಹಾಡಿಗೆ ನಡೆದೀತು, ಮೆಟಲ್ಲಿಗೆ ಅದು ವಿಷ. ಗಿಟಾರಿನ ಜೀವ ಇರುವುದೇ ನಡುವಿನ ಸ್ವರಗಳಲ್ಲಿ. ಅದನ್ನು ತಗ್ಗಿಸಿದರೆ ಡ್ರಮ್ಮು, ಸಿಂಬಲ್ಲು ಉಳಿದು ಗಿಟಾರ್ ಹಿಂದೆ ಸರಿಯುತ್ತದೆ. ಫೈಲ್ ಇಳಿಸಿಕೊಳ್ಳುವುದಾದರೆ 320 ಕೆಬಿಪಿಎಸ್ ಇರಲಿ. 128ರಲ್ಲಿ ಸಿಂಬಲ್ ನೀರೊಳಗೆ ಬಾರಿಸಿದಂತೆ ಕೇಳುತ್ತದೆ.

ಕೆಲವು ಆಲ್ಬಮ್ಮುಗಳ ದೋಷ ರೆಕಾರ್ಡಿಂಗಿನಲ್ಲೇ ಇದೆ. ಮೆಟಾಲಿಕಾದ 1988ರ ‘...ಆ್ಯಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ ಬೇಸ್ ಗಿಟಾರ್ ಕೇಳಿಸುವುದೇ ಕಷ್ಟ. ಅದೇ ಬ್ಯಾಂಡಿನ 2008ರ ‘ಡೆತ್ ಮ್ಯಾಗ್ನೆಟಿಕ್’ನಲ್ಲಿ ಧ್ವನಿಯನ್ನು ಎಷ್ಟು ಒತ್ತಿ ಏರಿಸಿದ್ದಾರೆಂದರೆ ಡ್ರಮ್ಮಿನ ಪೆಟ್ಟು ಒಡೆದು ಪರಪರ ಅನ್ನುತ್ತದೆ. ಇವೆರಡನ್ನು ಹಚ್ಚಿ ಇಯರ್‌ಫೋನ್ ಪರೀಕ್ಷೆ ಮಾಡಿದರೆ ಒಳ್ಳೆಯ ಇಯರ್‌ಫೋನನ್ನೂ ಕೆಟ್ಟದ್ದು ಅಂದುಕೊಳ್ಳುತ್ತೀರಿ. ಮೆಗಾಡೆತ್‌ನ ‘ರಸ್ಟ್ ಇನ್ ಪೀಸ್’ ಹುಡುಕುವಾಗ 1990ರ ಮೂಲ ಆವೃತ್ತಿಯನ್ನೇ ತೆಗೆದುಕೊಳ್ಳಿ. 2004ರ ಆವೃತ್ತಿಯನ್ನು ಹೊಸದಾಗಿ ಮಿಕ್ಸ್ ಮಾಡಿದ್ದಾರೆ, ಹಾಡಿನ ಕೆಲವು ಭಾಗಗಳನ್ನು ಮತ್ತೆ ಹಾಡಿಸಿದ್ದಾರೆ.

ಸದ್ದಿನ ಮಟ್ಟ ನೋಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್‌ಗೆ ವಾರಕ್ಕೆ 40 ತಾಸು. 90ಕ್ಕೆ ಹೋದರೆ ವಾರಕ್ಕೆ ನಾಲ್ಕೇ ತಾಸು. ಫೋನಿನ ವಾಲ್ಯೂಮ್ 60 ಪ್ರತಿಶತದ ಒಳಗಿರಲಿ. ಕೇಳಿ ಮುಗಿಸಿದ ಮೇಲೆ ಕಿವಿಯಲ್ಲಿ ‘ಗುಂಯ್’ ಅನ್ನುತ್ತಿದ್ದರೆ ಮಿತಿ ದಾಟಿದ್ದೀರಿ.

ಪೇಟಿಯ ಮೇಲೆ ಮೆಟಲ್

ಈಗ ಸ್ವರ. ಮನೆಯಲ್ಲೋ ಗುಡಿಯಲ್ಲೋ ಹಾರ್ಮೋನಿಯಂ ಪೇಟಿ ಇದ್ದರೆ ಐದು ನಿಮಿಷ ಅದರ ಮುಂದೆ ಕುಳಿತುಕೊಳ್ಳಿ, ಗೆಳೆಯನನ್ನೂ ಕೂರಿಸಿಕೊಳ್ಳಿ. ಮೆಟಲ್ ಗಿಟಾರಿನ ಗುಟ್ಟು ಇಲ್ಲಿ ತಿಳಿದಷ್ಟು ಸುಲಭವಾಗಿ ಬೇರೆಲ್ಲೂ ತಿಳಿಯದು.

ಸಾ ಮತ್ತು ಪ ಒಟ್ಟಿಗೆ ಒತ್ತಿ. ತಂಬೂರಿಯ ನಾದ ಅದು. ಮೆಟಲ್ ಗಿಟಾರಿಸ್ಟರು ‘ಪವರ್ ಕಾರ್ಡ್’ ಅನ್ನುವುದೂ ಅದಕ್ಕೇ. ಈಗ ಪ ಬಿಟ್ಟು ಸಾ ಮತ್ತು ಶುದ್ಧ ಗ ಒತ್ತಿ. ಪೇಟಿಯ ಗಾಂಧಾರ ನಿಜವಾದ ಗಾಂಧಾರಕ್ಕಿಂತ ಒಂದು ಸ್ವರಾಂತರದ (ಕರಿ–ಬಿಳಿ ಸೇರಿಸಿ ಪೇಟಿಯ ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರ) ಸುಮಾರು ಏಳನೇ ಒಂದು ಭಾಗದಷ್ಟು ಮೇಲಿರುತ್ತದೆ. ಹಾಗಾಗಿ ನಾದದಲ್ಲಿ ಒಂದು ನಡುಕ ಕೇಳುತ್ತದೆ. ಗಿಟಾರಿನ ಮನೆಗಳದೂ ಇದೇ ಶ್ರುತಿ. ಆ್ಯಂಪ್ಲಿಫೈಯರಿಗೆ ತಾಳಲಾರದಷ್ಟು ಸಿಗ್ನಲ್ ಕೊಟ್ಟು ನಾದವನ್ನು ಒಡೆಸುವುದು ಡಿಸ್ಟಾರ್ಷನ್. ಹಾಗೆ ಒಡೆದಾಗ ಎರಡು ಸ್ವರಗಳ ಕಂಪನಗಳು ಕೂಡಿ ಕಳೆದು ಹೊಸ ಕಂಪನಗಳು ಹುಟ್ಟುತ್ತವೆ. ಸಾ–ಪ ಅನುಪಾತ 2:3, ಅವುಗಳ ವ್ಯತ್ಯಾಸ 1. ಅಂದರೆ ಕೆಳಗಿನ ಸಪ್ತಕದ ಸಾ ತಾನಾಗಿ ಹುಟ್ಟಿ ನಾದ ದೊಡ್ಡದಾಗುತ್ತದೆ. ಸಾ–ಗ ಬಾರಿಸಿದರೆ ಆ ನಡುಕವೇ ಹಲವು ಪಟ್ಟಾಗಿ ಕೆಸರು ಕೆಸರಾಗಿ ಕೇಳುತ್ತದೆ. ಮೆಟಲ್ಲಿನವರು ಗಾಂಧಾರ ಬಿಟ್ಟು ಸಾ–ಪ ಹಿಡಿದದ್ದಕ್ಕೆ ಇದೇ ಕಾರಣ.

ಮುಂದಿನದು: ಮಂದ್ರ ಸಾ, ಅದರ ಮೇಲಿನ ಸಾ, ಆಮೇಲೆ ನಡುವಿನ ತೀವ್ರ ಮಧ್ಯಮ. ನಿಧಾನಕ್ಕೆ ಒತ್ತಿ, ತೀವ್ರ ಮಧ್ಯಮದ ಮೇಲೆ ನಿಲ್ಲಿ. ಹೆವಿ ಮೆಟಲ್ ಹುಟ್ಟಿದ್ದು ಈ ಮೂರು ಸ್ವರದಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬಾತ್ ಬ್ಯಾಂಡಿನ ಮೊದಲ ಆಲ್ಬಮ್ 1970ರ ಫೆಬ್ರುವರಿ 13ರಂದು ಬಂತು. ಅದರ ಮೊದಲ ಹಾಡಿನ ಮೂಲ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು, ಇದು. ಯಮನ್ ರಾಗದಲ್ಲಿ ಪಂಚಮದತ್ತ ಸಾಗುವ ತೀವ್ರ ಮಧ್ಯಮವನ್ನು ಇಲ್ಲಿ ಎಲ್ಲಿಗೂ ಹೋಗಲು ಬಿಡದೆ ನಿಲ್ಲಿಸಿದ್ದಾರೆ. ಆ ನಿಲುಗಡೆಯಲ್ಲೇ ಭಯ ಇದೆ.

ಸಾ ಬಾರಿಸುತ್ತ ಆಗಾಗ ಕೋಮಲ ರಿಷಭ ಮುಟ್ಟಿದರೆ ಥ್ರಾಶ್ ಮತ್ತು ಡೆತ್ ಮೆಟಲ್ಲಿನ ಬಣ್ಣ (ಈ ಎರಡು ಒಳಪ್ರಕಾರಗಳ ಮಾತು ಮುಂದೆ ಬರುತ್ತದೆ). ಭೈರವಿಯ ಕೋಮಲ ರಿಷಭವೇ ಅದು, ವೇಗ ಬೇರೆ. ಗ, ಧ, ನಿ ಮೂರೂ ಕೋಮಲವಾದ ಆಸಾವರಿಯ ಹಾದಿಯಲ್ಲಿ ಐರನ್ ಮೇಡನ್ ನಡೆಯುತ್ತದೆ. ಕೀರವಾಣಿಯ ಸ್ವರಗಳು, ಅಂದರೆ ಕೋಮಲ ಗ, ಕೋಮಲ ಧ, ಶುದ್ಧ ನಿ, ಸ್ವೀಡನ್ನಿನ ಇಂಗ್ವೆ ಮಾಲ್ಮ್‌ಸ್ಟೀನ್‌ನ ಆಸ್ತಿ. 1984ರ ‘ರೈಸಿಂಗ್ ಫೋರ್ಸ್’ ಹಚ್ಚಿ ನೋಡಿ. ಇವನ್ನು ರಾಗ ಅನ್ನಬೇಡಿ. ಚಲನೆ, ಗಮಕ, ನ್ಯಾಸ ಯಾವುದೂ ಇಲ್ಲಿಲ್ಲ. ಸ್ವರಗಳ ಗುಂಪು ಒಂದೇ, ನಡೆಯುವ ರೀತಿ ಬೇರೆ.

ಕೇಳಬೇಕಾದ ಮೂರು ಪ್ರಶ್ನೆ

ಬ್ಯಾಂಡಿನ ಹೆಸರು ಹೇಳುವ ಮೊದಲು ಗೆಳೆಯನಿಗೆ ಇಷ್ಟು ಕೇಳಿ.

“ತಮ್ಮಾ, ನಿನಗ ಹಲಗಿ ಬಡದಂಗ ಜೋರು ಬೇಕೋ, ವಿಲಂಬಿತ ಖಯಾಲಿನಂಗ ನಿಧಾನ ಬೇಕೋ?” ಇದು ಲಯದ ಪ್ರಶ್ನೆ.

“ಹಾಡವನ ಮಾತು ತಿಳೀಬೇಕೋ, ಬರೇ ದನಿ ಇದ್ದರ ಸಾಕೋ?” ಇದು ಕಂಠದ್ದು. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಮೆಟಲ್ ಬಿಟ್ಟು ಓಡಿದವರಲ್ಲಿ ಹೆಚ್ಚಿನವರು ಓಡಿದ್ದು ಕಂಠಕ್ಕೆ ಹೆದರಿ.

“ಹಾಡು ಮುಗದ ಮ್ಯಾಲೆ ಗುನುಗಾಕ ಏನರೆ ಉಳೀಬೇಕೋ, ಮೈ ಕುಣಿದರ ಸಾಕೋ?” ಇದು ಮಾಧುರ್ಯದ ಪ್ರಶ್ನೆ.

ಈ ಮೂರು ಉತ್ತರ ಕೈಯಲ್ಲಿದ್ದರೆ ಮುಂದಿನದರಲ್ಲಿ ಯಾವ ಬಾಗಿಲಿಂದ ಒಳಗೆ ಕರೆಯಬೇಕೆಂದು ಗೊತ್ತಾಗುತ್ತದೆ.

ಮಾತು ತಿಳಿಯಬೇಕು, ಗುನುಗಲೂ ಬೇಕು: ಹಳೆಯ ಹೆವಿ ಮೆಟಲ್

ಬಹುಪಾಲು ಜನರಿಗೆ ಇದೇ ಸರಿಯಾದ ಬಾಗಿಲು. ಜೂಡಸ್ ಪ್ರೀಸ್ಟ್‌ನ 1980ರ ‘ಬ್ರಿಟಿಷ್ ಸ್ಟೀಲ್’ ಆಲ್ಬಮ್ಮಿನಿಂದ ಸುರು ಮಾಡಿಸಿ. ಗಾಯಕ ರಾಬ್ ಹ್ಯಾಲ್ಫರ್ಡ್‌ನ ತಾರಸ್ಥಾಯಿ ನಮ್ಮ ಕಂಪನಿ ನಾಟಕದ ನಟರು ಮೈಕಿಲ್ಲದೆ ಕೊನೆಯ ಸಾಲಿಗೂ ಮುಟ್ಟಿಸುತ್ತಿದ್ದ ಕಂಠದ ಜಾತಿಯದು. ಅದೇ ಬ್ಯಾಂಡಿನ 1990ರ ‘ಪೇನ್‌ಕಿಲ್ಲರ್’ ಎರಡನೇ ವಾರಕ್ಕಿಡಿ, ಮೊದಲ ದಿನಕ್ಕೆ ಅದು ಖಾರ.

ಆಮೇಲೆ ಐರನ್ ಮೇಡನ್. ಬೇಸ್ ಗಿಟಾರಿಸ್ಟ್ ಸ್ಟೀವ್ ಹ್ಯಾರಿಸ್ 1975ರಲ್ಲಿ ಕಟ್ಟಿದ ಬ್ಯಾಂಡ್. ಇವರ ಲಯಕ್ಕೆ ‘ಗ್ಯಾಲಪ್’ ಅನ್ನುತ್ತಾರೆ. ತಬಲಾ ಬೋಲಿನಲ್ಲಿ ಹೇಳುವುದಾದರೆ ‘ಧಾ–ತಿಟ, ಧಾ–ತಿಟ, ಧಾ–ತಿಟ’: ಒಂದು ಉದ್ದ, ಎರಡು ಗಿಡ್ಡ. ಗೋಳಗುಮ್ಮಟದ ಮುಂದಿನ ಟಾಂಗಾ ಕುದುರೆಯ ನಡಿಗೆ ಇದಲ್ಲ. ಹಗ್ಗ ಬಿಚ್ಚಿದ ಕುದುರೆ ದೌಡಾಯಿಸುವ ಸದ್ದು ಇದು. 1983ರ ‘ದ ಟ್ರೂಪರ್’ ಹಾಡಿನಲ್ಲಿ ಇದನ್ನು ತೊಡೆಯ ಮೇಲೆ ಬಾರಿಸಿ ಕಲಿಯಬಹುದು. ಇನ್ನೊಂದು ಗುರುತು, ಎರಡು ಗಿಟಾರ್ ಒಂದೇ ಧಾಟಿಯನ್ನು ಬೇರೆ ಬೇರೆ ಸ್ವರದಿಂದ ಜೋಡಿಯಾಗಿ ನುಡಿಸುವುದು. ಆಲ್ಬಮ್ ಕೊಡುವುದಾದರೆ 1982ರ ‘ದ ನಂಬರ್ ಆಫ್ ದ ಬೀಸ್ಟ್’ ಅಥವಾ 1984ರ ‘ಪವರ್‌ಸ್ಲೇವ್’. 2007ರ ಮಾರ್ಚಿನಲ್ಲಿ ಈ ಬ್ಯಾಂಡ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತ್ತು. ನಮ್ಮಲ್ಲಿ ಆ ಬ್ಯಾಂಡಿನ ಕಪ್ಪು ಅಂಗಿ ತೊಟ್ಟ ನಡುವಯಸ್ಸಿನವರನ್ನು ಕಂಡರೆ ಆ ದಿನದ ಬಗ್ಗೆ ಕೇಳಿ ನೋಡಿ.

ಇದೇ ಬಾಗಿಲಲ್ಲಿ ಬೆಂಗಳೂರಿನ ಕ್ರಿಪ್ಟೋಸ್ ಇದೆ. 1998ರಲ್ಲಿ ಸುರುವಾದದ್ದು. 2016ರ ‘ಬರ್ನ್ ಅಪ್ ದ ನೈಟ್’ ಆಲ್ಬಮ್ಮಿನಲ್ಲಿ ಕಂಠ ಸ್ವಲ್ಪ ಒರಟು, ಗಿಟಾರ್ ಮಾತ್ರ ಅಪ್ಪಟ ಎಂಬತ್ತರ ದಶಕದ್ದು. ನಮ್ಮ ರಾಜ್ಯದ ಬ್ಯಾಂಡ್ ಅನ್ನುವುದಕ್ಕಲ್ಲ, ಒಳ್ಳೆಯ ಬ್ಯಾಂಡ್ ಅನ್ನುವುದಕ್ಕೇ ಇದನ್ನು ಹೇಳಬೇಕು.

ಗೆಳೆಯನಿಗೆ ಕೀರವಾಣಿಯ ಸ್ವರ ಹಿಡಿಸಿದರೆ, ಎಲ್ಲರೂ ಒಟ್ಟಿಗೆ ಹಾಡುವ ಪಲ್ಲವಿ ಇಷ್ಟವಾದರೆ ಪವರ್ ಮೆಟಲ್ ಕೊಡಿ. ಜರ್ಮನಿಯ ಹೆಲೋವೀನ್ ಬ್ಯಾಂಡಿನ ‘ಕೀಪರ್ ಆಫ್ ದ ಸೆವೆನ್ ಕೀಸ್’ ಎರಡು ಭಾಗ, 1987 ಮತ್ತು 1988. ನಂತರ ಬ್ಲೈಂಡ್ ಗಾರ್ಡಿಯನ್. ರಾಜ, ಕತ್ತಿ, ಮಾಂತ್ರಿಕರ ಕತೆಗಳೇ ಹೆಚ್ಚು. ದೊಡ್ಡಾಟ ನೋಡಿ ಬೆಳೆದವರಿಗೆ ಈ ಅಬ್ಬರ ಅಪರಿಚಿತ ಅನಿಸುವುದಿಲ್ಲ.

ಜೋರು ಬೇಕು: ಥ್ರಾಶ್

ಬ್ರಿಟನ್ನಿನ ಹೆವಿ ಮೆಟಲ್ಲಿಗೆ ಅಮೆರಿಕದ ಹಾರ್ಡ್‌ಕೋರ್ ಪಂಕ್ ಎಂಬ ಒರಟು ರಾಕ್‌ನ ವೇಗ ಕೂಡಿ ಎಂಬತ್ತರ ದಶಕದ ಮೊದಲಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದದ್ದು ಥ್ರಾಶ್. ಗುರುತು ಹಿಡಿಯಲು ಗಿಟಾರಿಸ್ಟನ ಬಲಗೈ ನೋಡಿ. ಅಂಗೈಯ ಅಂಚನ್ನು ತಂತಿಯ ಬುಡಕ್ಕೆ ಮೆತ್ತಗೆ ಒತ್ತಿ ಬಾರಿಸುತ್ತಾನೆ. ನಾದ ಹರಡದೆ ‘ಜುಗ್ ಜುಗ್’ ಅಂತ ಮುಚ್ಚಿಕೊಳ್ಳುತ್ತದೆ. ಇದು ಪಾಮ್ ಮ್ಯೂಟ್. ಮೆಟಾಲಿಕಾದ 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಶೀರ್ಷಿಕೆ ಹಾಡಿನಲ್ಲಿ ಲಯ ನಿಮಿಷಕ್ಕೆ 200 ಪೆಟ್ಟು ದಾಟಿದೆ, ಆದರೂ ಜೇಮ್ಸ್ ಹೆಟ್‌ಫೀಲ್ಡ್ ಮೇಲಿಂದ ಕೆಳಕ್ಕೆ ಮಾತ್ರ ಬಾರಿಸುತ್ತಾನೆ. ಮೇಲೆ ಕೆಳಗೆ ಎರಡೂ ಕಡೆ ಬಾರಿಸಿದರೆ ಕೈಗೆ ಆರಾಮ, ಆದರೆ ಆ ಗಡಸುತನ ಬರುವುದಿಲ್ಲ. ಗಿಟಾರ್ ಕಲಿಯುವ ಹುಡುಗರು ಇದನ್ನು ಪೂರ್ಣ ವೇಗದಲ್ಲಿ ಮೊದಲ ದಿನವೇ ಹಿಡಿಯಲು ಹೋಗಿ ಮುಂಗೈ ನೋಯಿಸಿಕೊಳ್ಳುತ್ತಾರೆ. ಅರ್ಧ ವೇಗದಿಂದ ಸುರು ಮಾಡಿ, ವಾರಕ್ಕೆ ಐದು ಪೆಟ್ಟು ಏರಿಸಿ.

ಥ್ರಾಶ್‌ನಲ್ಲಿ ಕೊಡುವ ಕ್ರಮ ಇದು: ಮೊದಲು ಮೆಟಾಲಿಕಾದ ‘ರೈಡ್ ದ ಲೈಟ್ನಿಂಗ್’, 1984. ಆಮೇಲೆ ಮೆಗಾಡೆತ್‌ನ ‘ರಸ್ಟ್ ಇನ್ ಪೀಸ್’. ಬೆರಳಿನ ಚಳಕ ಬಯಸುವವರಿಗೆ. ಆಂಥ್ರಾಕ್ಸ್‌ನ 1987ರ ‘ಅಮಂಗ್ ದ ಲಿವಿಂಗ್’ನಲ್ಲಿ ಉಲ್ಲಾಸ ಹೆಚ್ಚು. ಕೊನೆಗೆ ಸ್ಲೇಯರ್‌ನ ‘ರೇನ್ ಇನ್ ಬ್ಲಡ್’, 1986: ಇಡೀ ಆಲ್ಬಮ್ ಸುಮಾರು 29 ನಿಮಿಷ, ಉಸಿರು ತೆಗೆದುಕೊಳ್ಳಲು ಜಾಗವಿಲ್ಲ. ಇಷ್ಟು ದಾಟಿದವರಿಗೆ ಜರ್ಮನಿಯ ಕ್ರಿಯೇಟರ್, ಬ್ರೆಜಿಲ್‌ನ ಸೆಪುಲ್ಟುರಾ.

ಮೆಟಾಲಿಕಾದ ವಿಷಯದಲ್ಲಿ ಒಂದು ತಪ್ಪು ಪದೇಪದೇ ಆಗುತ್ತದೆ. ಹೆದರಿಸಬಾರದೆಂದು ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಹಚ್ಚುತ್ತಾರೆ. ಹಾಡು ಚೆನ್ನಾಗಿದೆ, ಆದರೆ ಅದನ್ನು ಕೇಳಿ ಬಂದವನು ಉಳಿದದ್ದೂ ಹಾಗೇ ಇರಬಹುದೆಂದು ಕಾಯುತ್ತಾನೆ, ಮುಂದಿನ ಹಾಡಿಗೆ ಬೇಸರಪಡುತ್ತಾನೆ. ಮೆತ್ತಗಿನ ಸುರುವಾತು ಬೇಕಿದ್ದರೆ ಮೆತ್ತಗೆ ಸುರುವಾಗಿ ಜೋರಾಗುವ ‘ಫೇಡ್ ಟು ಬ್ಲ್ಯಾಕ್’ ಸರಿಯಾದ ಆಯ್ಕೆ.

ಥ್ರಾಶ್ ಲಯವನ್ನು ಇಳಿಸಿ, ತೂಕ ಏರಿಸಿ, ಸೊಂಟ ಆಡುವಂತೆ ಮಾಡಿದರೆ ಅದು ಗ್ರೂವ್ ಮೆಟಲ್. ಪ್ಯಾಂಟೆರಾದ 1992ರ ‘ವಲ್ಗರ್ ಡಿಸ್‌ಪ್ಲೇ ಆಫ್ ಪವರ್’ ಸಾಕು. ಕಾರ್ನ್, ಸ್ಲಿಪ್‌ನಾಟ್, ಲಿಂಕಿನ್ ಪಾರ್ಕ್ ನ್ಯೂ ಮೆಟಲ್. ಹಿಪ್‌ಹಾಪ್ ಕೇಳುವವರಿಗೆ ಒಳ್ಳೆಯ ಸೇತುವೆ. ಇವು ಮೆಟಲ್ ಹೌದೋ ಅಲ್ಲವೋ ಎಂಬ ಜಗಳಕ್ಕೆ ಹೊಸಬರನ್ನು ಎಳೆಯಬೇಡಿ. ಲಿಂಕಿನ್ ಪಾರ್ಕ್‌ನ ‘ಹೈಬ್ರಿಡ್ ಥಿಯರಿ’ ಕೇಳಿ ಬಂದವರನ್ನು ನಗಾಡಿ ಕಳಿಸಿದರೆ ಅವರು ತಿರುಗಿ ಬರುವುದಿಲ್ಲ.

ನಿಧಾನ ಬೇಕು: ಡೂಮ್

ಖಯಾಲ್ ಕೇಳುವ ಮನೆತನದಿಂದ ಬಂದವರಿಗೆ ಥ್ರಾಶ್‌ಗಿಂತ ಮೊದಲು ಡೂಮ್ ಕೊಡಿ. ಇದನ್ನು ಯಾರೂ ಯೋಚಿಸುವುದಿಲ್ಲ, ಆದರೆ ಹೆಚ್ಚು ಸಲ ಫಲಿಸುವ ದಾರಿ ಇದೇ. ವಿಲಂಬಿತ ಲಯ, ಒಂದೇ ನಾದದಲ್ಲಿ ನಿಲ್ಲುವುದು, ಸ್ವರಕ್ಕೆ ಸಮಯ ಕೊಡುವುದು ಎಲ್ಲ ಅವರಿಗೆ ಗೊತ್ತಿರುವುದೇ.

ಮೂಲ ಮತ್ತೆ ಬ್ಲ್ಯಾಕ್ ಸಬಾತ್. ಗಿಟಾರಿಸ್ಟ್ ಟೋನಿ ಅಯೋಮಿ ಎಡಗೈಯವನು, ತಂತಿ ಒತ್ತುವುದು ಬಲಗೈಯಿಂದ. ಹದಿನೇಳನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳಿನ ತುದಿ ಹೋದವು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತೆಳು ತಂತಿ ಹಾಕಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಹೊತ್ತಿಗೆ ಶ್ರುತಿಯನ್ನು ಮೂರು ಸ್ವರಾಂತರ ಇಳಿಸಿದ. ತಂತಿ ಸಡಿಲಾಯಿತು, ಬೆರಳಿಗೆ ನೋವು ಕಡಿಮೆಯಾಯಿತು, ನಾದ ಭಾರವಾಯಿತು. ಇಂದು ಮೆಟಲ್ ಬ್ಯಾಂಡುಗಳು ಶ್ರುತಿ ಇಳಿಸುವ ರೂಢಿ ಬೆಳೆದದ್ದು ಈ ಗಾಯಗೊಂಡ ಕೈಯಿಂದ.

ಸಬಾತ್ ಆದ ಮೇಲೆ ಸ್ವೀಡನ್ನಿನ ಕ್ಯಾಂಡಲ್‌ಮಾಸ್‌ನ 1986ರ ಮೊದಲ ಆಲ್ಬಮ್. ಕಂಠ ಸ್ವಚ್ಛ, ಗಂಭೀರ. ವಯಲಿನ್ ಇಷ್ಟಪಡುವವರಿಗೆ ಇಂಗ್ಲೆಂಡಿನ ಮೈ ಡೈಯಿಂಗ್ ಬ್ರೈಡ್, 1993ರ ‘ಟರ್ನ್ ಲೂಸ್ ದ ಸ್ವಾನ್ಸ್’. ಧೂಳು ಹೊಗೆಯಂಥ ಮಬ್ಬು ಸದ್ದು ಬೇಕಾದವರಿಗೆ ಎಲೆಕ್ಟ್ರಿಕ್ ವಿಝರ್ಡ್‌ನ ‘ಡೋಪ್‌ಥ್ರೋನ್’. ಬೆಂಗಳೂರಿನ ಬೇವರ್ ಸೀ ಕೂಡ ಇದೇ ಓಣಿಯವರು. ಹೆಸರನ್ನು ಕನ್ನಡದಲ್ಲಿ ಜೋಡಿಸಿ ಓದಿದರೆ ಬೈಗುಳ ಸಿಗುತ್ತದೆ. ತಾಳ್ಮೆಯ ಪರೀಕ್ಷೆಗೆ ಸ್ಲೀಪ್ ಬ್ಯಾಂಡಿನ ‘ಡೋಪ್‌ಸ್ಮೋಕರ್’, ಒಂದೇ ಹಾಡು, ಒಂದು ತಾಸಿಗಿಂತ ಹೆಚ್ಚು.

ಡೂಮ್‌ ಅನ್ನು ಬಸ್ಸಿನಲ್ಲಿ ಕೇಳಿಸಬೇಡಿ. ವಿಜಯಪುರದಿಂದ ಬಾಗಲಕೋಟೆಗೆ ಹೋಗುವಾಗ ಎಂಜಿನ್ನಿನ ಗುಡುಗು ಕೂಡ ಅದೇ ಕೆಳಗಿನ ಕಂಪನದಲ್ಲಿರುತ್ತದೆ, ಬೇಸ್ ಗಿಟಾರನ್ನು ನುಂಗಿಬಿಡುತ್ತದೆ. ಕೋಲ್ಹಾರದ ಸೇತುವೆ ಬರುವಷ್ಟರಲ್ಲಿ ಕೇಳುಗ ನಿದ್ದೆ ಹೋಗಿರುತ್ತಾನೆ. ಬಸ್ಸಿಗೆ ಥ್ರಾಶ್, ರಾತ್ರಿ ಕೋಣೆಗೆ ಡೂಮ್.

ದನಿ ಇದ್ದರೆ ಸಾಕು: ಡೆತ್ ಮತ್ತು ಬ್ಲ್ಯಾಕ್

ಈ ಎರಡನ್ನು ಹೊರಗಿನವರು ಒಂದೇ ಅಂದುಕೊಳ್ಳುತ್ತಾರೆ. ಬೇರೆ ಮಾಡುವುದು ಕಷ್ಟವಲ್ಲ. ಡೆತ್ ಮೆಟಲ್ಲಿನ ಕಂಠ ಕೆಳಗಿನದು: ಎದೆಯಿಂದ ಎದ್ದು ಬರುವ, ದೊಡ್ಡಾಟದ ರಾಕ್ಷಸ ಪಾತ್ರಧಾರಿಯ ಗರ್ಜನೆಯಂಥದು. ಬ್ಲ್ಯಾಕ್ ಮೆಟಲ್ಲಿನದು ಮೇಲಿನದು, ಸೀಳಿದ ಚೀತ್ಕಾರ. ಡೆತ್‌ನಲ್ಲಿ ರೆಕಾರ್ಡಿಂಗ್ ದಪ್ಪ, ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ. ಬ್ಲ್ಯಾಕ್‌ನಲ್ಲಿ ಬೇಕೆಂದೇ ತೆಳ್ಳಗೆ, ಚಳಿಗಾಳಿ ಬೀಸಿದಂತೆ. ಗಿಟಾರಿಸ್ಟ್ ಒಂದೇ ತಂತಿಯನ್ನು ಎಡೆಬಿಡದೆ ಮೀಟುತ್ತ ಸ್ವರ ಬದಲಿಸುತ್ತಾನೆ, ಪೆಟ್ಟುಗಳು ಕರಗಿ ಹೊಳೆಯಾಗುತ್ತವೆ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದಾಗ ಒಂದರ ಮೇಲೊಂದು ಪ್ರತಿಧ್ವನಿ ಏರಿ ಅಂಚುಗಳು ಅಳಿಸಿಹೋಗುತ್ತವಲ್ಲ, ಆ ಗುಣ.

ಎರಡರಲ್ಲೂ ಕಾಲಿನ ಡ್ರಮ್ಮಿಗೆ ಎರಡು ಪೆಡಲ್. ರಬಕವಿ–ಬನಹಟ್ಟಿಯ ಪವರ್‌ಲೂಮ್ ಓಣಿಯಲ್ಲಿ ನಿಂತವರಿಗೆ ಈ ಸದ್ದು ಹೊಸದಲ್ಲ. ಮೊದಲ ನಿಮಿಷ ಖಟಖಟ, ಐದನೇ ನಿಮಿಷಕ್ಕೆ ಅದು ನೆಲವಾಗಿ ಅದರ ಮೇಲೆ ಮಾತು ಕೇಳಿಸತೊಡಗುತ್ತದೆ. ಈ ಜೋಡಿ ಪೆಡಲಿನ ಡ್ರಮ್ಮು (ಡಬಲ್ ಬೇಸ್) ಕೇಳುವುದನ್ನೂ ಹೀಗೇ ಕಲಿಯಬೇಕು. ಅದನ್ನು ಎಣಿಸಲು ಹೋಗದೆ ನೆಲವೆಂದು ಬಿಟ್ಟು, ಕಿವಿಯನ್ನು ಗಿಟಾರಿಗೆ ಕೊಡಿ.

ಡೆತ್ ಮೆಟಲ್ಲಿಗೆ ಅಮೆರಿಕದ ಫ್ಲಾರಿಡಾ ಒಂದು ತವರು, ಸ್ವೀಡನ್ ಇನ್ನೊಂದು. ಫ್ಲಾರಿಡಾದ್ದು ಡೆತ್ ಎಂಬ ಹೆಸರಿನದೇ ಬ್ಯಾಂಡ್, 2001ರಲ್ಲಿ ತೀರಿಹೋದ ಚಕ್ ಶುಲ್ಡಿನರ್‌ನದು. ಹೊಸಬರಿಗೆ 1987ರ ಮೊದಲ ಆಲ್ಬಮ್ ಬೇಡ. 1995ರ ‘ಸಿಂಬಾಲಿಕ್’ ಕೊಡಿ, ಗಿಟಾರಿನಲ್ಲಿ ಗುನುಗಲು ಸಾಕಷ್ಟಿದೆ. ಹುಡುಕುವಾಗ ಗಾಯಕನ ಹೆಸರೂ ಸೇರಿಸಿ, ಇಲ್ಲದಿದ್ದರೆ ‘ಡೆತ್’ ಪದಕ್ಕೆ ಏನೇನೋ ಬರುತ್ತದೆ. ಒರಟುತನ ಬೇಕಾದವರಿಗೆ ಮಾರ್ಬಿಡ್ ಏಂಜಲ್‌ನ ‘ಆಲ್ಟರ್ಸ್ ಆಫ್ ಮ್ಯಾಡ್ನೆಸ್’, 1989. ಸ್ವೀಡನ್ನಿನ ಎಂಟೂಮ್ಡ್ ಬ್ಯಾಂಡಿನ 1990ರ ‘ಲೆಫ್ಟ್ ಹ್ಯಾಂಡ್ ಪಾತ್’ನಲ್ಲಿ ಗಿಟಾರ್ ಮರ ಕೊಯ್ಯುವ ಗರಗಸದಂತೆ ಕೇಳುತ್ತದೆ, ಬಾಸ್ ಕಂಪನಿಯ ಎಚ್‌ಎಂ–2 ಪೆಡಲಿನ ನಾಲ್ಕೂ ಗುಂಡಿಗಳನ್ನು ಪೂರ್ತಿ ತಿರುಗಿಸಿದರೆ ಬರುವ ಸದ್ದು ಅದು.

ಗರ್ಜನೆ ಇರಲಿ, ಮಾಧುರ್ಯವೂ ಇರಲಿ ಅನ್ನುವವರಿಗೆ ಸ್ವೀಡನ್ನಿನದೇ ಗೋಥೆನ್‌ಬರ್ಗ್ ನಗರ. ಅಟ್ ದ ಗೇಟ್ಸ್‌ನ ‘ಸ್ಲಾಟರ್ ಆಫ್ ದ ಸೋಲ್’ ಮತ್ತು ಡಾರ್ಕ್ ಟ್ರಾಂಕ್ವಿಲಿಟಿಯ ‘ದ ಗ್ಯಾಲರಿ’ 1995ರವು, ಇನ್ ಫ್ಲೇಮ್ಸ್‌ನ ‘ದ ಜೆಸ್ಟರ್ ರೇಸ್’ 1996ರದು. ಐರನ್ ಮೇಡನ್ ಜೋಡಿ ಗಿಟಾರಿಗೆ ಗರ್ಜನೆ ಕೂಡಿಸಿದರೆ ಇದು.

ಬ್ಲ್ಯಾಕ್ ಮೆಟಲ್ ಕೊಡುವ ಮೊದಲು ಇತಿಹಾಸ ಹೇಳಿ ಕೊಡಿ. ನಾರ್ವೆಯಲ್ಲಿ ತೊಂಬತ್ತರ ದಶಕದ ಮೊದಲಲ್ಲಿ ಈ ಗುಂಪಿನ ಕೆಲವರು ಚರ್ಚುಗಳಿಗೆ ಬೆಂಕಿ ಇಟ್ಟರು. 1993ರ ಆಗಸ್ಟಿನಲ್ಲಿ ಮೇಹೆಮ್ ಬ್ಯಾಂಡಿನ ಗಿಟಾರಿಸ್ಟ್ ಯುರೋನಿಮಸ್‌ನ ಕೊಲೆಯಾಯಿತು; ಬರ್ಜಮ್ ಹೆಸರಿನಲ್ಲಿ ನುಡಿಸುತ್ತಿದ್ದ ವರ್ಗ್ ವಿಕರ್ನೆಸ್‌ಗೆ 1994ರಲ್ಲಿ 21 ವರ್ಷ ಶಿಕ್ಷೆಯಾಯಿತು. ಇದನ್ನು ರೋಚಕ ಕತೆಯಂತೆ ಹೇಳಬಾರದು, ಮುಚ್ಚಿಡಲೂ ಬಾರದು. ಯಾರ ಸಂಗೀತ ಕೇಳುತ್ತಿದ್ದೇನೆ ಅನ್ನುವುದು ಕೇಳುಗನಿಗೆ ಗೊತ್ತಿದ್ದು, ತೀರ್ಮಾನ ಅವನೇ ಮಾಡಲಿ. ಕೇಳುವುದಕ್ಕೆ ಇಮ್ಮಾರ್ಟಲ್‌ನ 1999ರ ‘ಅಟ್ ದ ಹಾರ್ಟ್ ಆಫ್ ವಿಂಟರ್’ ಸುಲಭ. ಡಾರ್ಕ್‌ಥ್ರೋನ್‌ನ ‘ಎ ಬ್ಲೇಝ್ ಇನ್ ದ ನಾರ್ದರ್ನ್ ಸ್ಕೈ’ ಕೊನೆಗಿರಲಿ. ಅದರ ತೆಳು ಸದ್ದು ನಿಮ್ಮ ಇಯರ್‌ಫೋನಿನ ದೋಷವಲ್ಲ.

ಕಂಠ ಅಭ್ಯಾಸವಾಗಲು ಒಂದು ಉಪಾಯ: ಮೊದಲ ಮೂರು ಸಲ ಸಾಹಿತ್ಯ ತೆರೆದು ನೋಡಬೇಡಿ, ಗಾಯಕನನ್ನು ಇನ್ನೊಂದು ತಾಳವಾದ್ಯವೆಂದು ಕೇಳಿ. ನಾಲ್ಕನೇ ಸಲ ಸಾಹಿತ್ಯ ಎದುರಿಗಿಟ್ಟುಕೊಳ್ಳಿ. ಉಚ್ಚಾರ ತಾನಾಗಿ ಬಿಡಿಸಿಕೊಳ್ಳುತ್ತದೆ.

ಲೆಕ್ಕ ಇಷ್ಟಪಡುವವರಿಗೆ: ಪ್ರೋಗ್ರೆಸಿವ್

ತಬಲಾ ಕಲಿತ ಗೆಳೆಯ ಸಿಕ್ಕರೆ ಉಳಿದದ್ದೆಲ್ಲ ಬಿಟ್ಟು ಇಲ್ಲಿಗೆ ಕರೆತನ್ನಿ. ಟೂಲ್ ಬ್ಯಾಂಡಿನ 2001ರ ‘ಸ್ಕಿಸಮ್’ ಹಾಡಿನ ರಿಫ್ 5+7 ಮಾತ್ರೆಗಳದು. ಕೈಯಲ್ಲಿ ತಾಳ ಹಾಕಿ ಎಣಿಸಲು ಹೇಳಿ. ಡ್ರೀಮ್ ಥಿಯೇಟರ್‌ನ ‘ಇಮೇಜಸ್ ಆ್ಯಂಡ್ ವರ್ಡ್ಸ್’ 1992ರದು, ಏಳರ ನಡೆ ಬೇಕಾದಷ್ಟಿದೆ. ಆಮೇಲೆ ಮೆಶುಗಾ, 2008ರ ‘ಬ್ಲೀಡ್’. ಡ್ರಮ್ಮರಿನ ಸಿಂಬಲ್ ಠೇಕಾ ಹಿಡಿದಂತೆ ನಾಲ್ಕರಲ್ಲೇ ನಿಲ್ಲುತ್ತದೆ, ಕಾಲು ಮತ್ತು ಗಿಟಾರ್ ಬೇರೆಯೇ ಲೆಕ್ಕದಲ್ಲಿ ಹೋಗಿ ಹಲವು ಆವರ್ತನದ ನಂತರ ಸಮಕ್ಕೆ ಬಂದು ಬೀಳುತ್ತವೆ. ಗಿಟಾರನ್ನು ಎಣಿಸಿದರೆ ದಾರಿ ತಪ್ಪುತ್ತದೆ. ಸಿಂಬಲ್ಲಿಗೆ ತಾಳ ಹಾಕಿ, ಸಮ ತಾನೇ ಸಿಗುತ್ತದೆ.

ಗರ್ಜನೆ ಒಲ್ಲದವರನ್ನು ಗರ್ಜನೆಗೆ ಒಗ್ಗಿಸಲು ಸ್ವೀಡನ್ನಿನ ಓಪೆತ್‌ಗಿಂತ ಒಳ್ಳೆಯ ಮೆಟ್ಟಿಲಿಲ್ಲ. 2003ರ ‘ಡ್ಯಾಮ್ನೇಷನ್’ನಲ್ಲಿ ಗರ್ಜನೆಯೇ ಇಲ್ಲ, ಪೂರ್ತಿ ಮೆತ್ತಗೆ. ಒಂದು ವಾರ ಅದು. ಮುಂದಿನ ವಾರ 2005ರ ‘ಘೋಸ್ಟ್ ರೆವರೀಸ್’, ಎರಡೂ ಕಂಠ ಬರುತ್ತವೆ. ಮೂರನೇ ವಾರ 2001ರ ‘ಬ್ಲ್ಯಾಕ್‌ವಾಟರ್ ಪಾರ್ಕ್’. ಒಂದೇ ಗಾಯಕ ಎರಡೂ ಹಾಡುತ್ತಾನೆಂದು ತಿಳಿದಾಗ ಭಯ ಅರ್ಧ ಇಳಿಯುತ್ತದೆ.

ನಮ್ಮ ನೆಲದ ವಾದ್ಯ, ಭಾಷೆ ಹುಡುಕುವವರಿಗೆ ದೆಹಲಿಯ ಬ್ಲಡಿವುಡ್, 2022ರ ‘ರಕ್ಷಕ್’: ಢೋಲು, ಕೊಳಲು ಉಂಟು. ಸಂಸ್ಕೃತ ಶ್ಲೋಕವನ್ನು ಡೆತ್ ಮೆಟಲ್ಲಿನಲ್ಲಿ ಕೇಳಬೇಕಿದ್ದರೆ ಸಿಂಗಪುರದ ರುದ್ರ.

ಮನೆಯವರು ಕೇಳಿದರೆ

“ಏನದು ದೆವ್ವ ಬಡದಂಗ?” ಅಂತ ಅವ್ವ ಕೇಳಿದರೆ ವಾದ ಬೇಡ, ಒಂದು ಹಾಡಿನ ಅರ್ಥ ಬಿಡಿಸಿ ಹೇಳಿ. ಸಬಾತ್‌ನ ‘ವಾರ್ ಪಿಗ್ಸ್’ ಬಡವರ ಮಕ್ಕಳನ್ನು ಯುದ್ಧಕ್ಕೆ ಕಳಿಸಿ ತಾವು ಅಡಗಿ ಕೂರುವ ದೊರೆಗಳ ವಿರುದ್ಧದ ಹಾಡು. ‘ಮಾಸ್ಟರ್ ಆಫ್ ಪಪೆಟ್ಸ್’ ಮಾದಕ ಚಟ ಮನುಷ್ಯನನ್ನು ಗೊಂಬೆಯಂತೆ ಆಡಿಸುವುದರ ಬಗ್ಗೆ. ತಲೆಕೆಳಗಾದ ಶಿಲುಬೆ, ಸೈತಾನನ ಚಿತ್ರ ಹೆಚ್ಚಾಗಿ ಆ ದೇಶಗಳ ಚರ್ಚಿನ ಜೊತೆಗಿನ ಜಗಳದಿಂದ ಬಂದದ್ದು. ಆದರೂ ಅಂಥ ಅಂಗಿ ತೊಟ್ಟು ಮದುವೆ ಮನೆಗೆ ಹೋಗಬೇಡಿ. ಚರ್ಚಿಗೆ ಹೋಗುವ ಗೆಳೆಯರ ಮನೆಗಂತೂ ಖಂಡಿತ ಬೇಡ.

ಮೂರೇ ಹಾಡು, ಆಮೇಲೆ ಒಂದು ಪ್ರಶ್ನೆ

ಇಷ್ಟೆಲ್ಲ ಗೊತ್ತಿದ್ದರೂ ಒಂದು ಸಲಕ್ಕೆ ಮೂರು ಹಾಡಿಗಿಂತ ಹೆಚ್ಚು ಕೊಡಬೇಡಿ. ಮೊದಲನೆಯದು ಅವನ ಉತ್ತರಕ್ಕೆ ಸರಿಯಾಗಿ ಹೊಂದುವುದು, ಎರಡನೆಯದು ಅದಕ್ಕಿಂತ ಒಂದು ಮೆಟ್ಟಿಲು ಗಡಸು, ಮೂರನೆಯದು ಪೂರ್ತಿ ಬೇರೆ ದಿಕ್ಕಿನದು. ಗುನುಗಲು ಬೇಕೆಂದವನಿಗೆ ‘ದ ಟ್ರೂಪರ್’, ನಂತರ ‘ಮಾಸ್ಟರ್ ಆಫ್ ಪಪೆಟ್ಸ್’, ಮೂರನೆಯದು ಕ್ಯಾಂಡಲ್‌ಮಾಸ್‌ನ ‘ಸಾಲಿಟ್ಯೂಡ್’. ಒಂದೊಂದನ್ನೂ ಕನಿಷ್ಠ ಮೂರು ಸಲ, ಬೇರೆ ಬೇರೆ ದಿನ ಕೇಳಲು ಹೇಳಿ.

ವಾರ ಬಿಟ್ಟು ಸಿಕ್ಕಾಗ ‘ಚಲೋ ಅನಿಸ್ತೋ ಇಲ್ಲೋ’ ಅಂತ ಕೇಳಬೇಡಿ, ಮುಲಾಜಿಗೆ ಹೂಂ ಅನ್ನುತ್ತಾನೆ. “ಎಷ್ಟನೇ ನಿಮಿಷಕ್ಕ ಚಲೋ ಅನಿಸ್ತು?” ಅಂತ ಕೇಳಿ. ‘ಮಾಸ್ಟರ್ ಆಫ್ ಪಪೆಟ್ಸ್’ನ ಸುರುವಾತಿನ ಹೊಡೆತವೇ ಹಿಡಿಸಿತು ಅಂದರೆ ಮುಂದಿನದು ಸ್ಲೇಯರ್, ಕ್ರಿಯೇಟರ್. ಮೂರೂವರೆ ನಿಮಿಷದ ಹೊತ್ತಿಗೆ ಎಲ್ಲ ಇಳಿದು ಗಿಟಾರ್ ಒಂಟಿಯಾಗಿ ಮೆತ್ತಗೆ ನುಡಿದು, ಇನ್ನೊಂದು ಗಿಟಾರ್ ಬಂದು ಕೂಡಿಕೊಳ್ಳುವ ಜಾಗ ಅಂದರೆ ಐರನ್ ಮೇಡನ್‌ನ ಉದ್ದ ಹಾಡುಗಳು, ಅಲ್ಲಿಂದ ಓಪೆತ್. ಆ ಮೆತ್ತನೆಯ ಭಾಗ ಮುಗಿದು ನಿಧಾನದ ಭಾರ ರಿಫ್ ಏರುವ ಜಾಗ ಅಂದರೆ ಅವನು ಡೂಮ್‌ನ ಮನುಷ್ಯ. ಅಂದು ರಾತ್ರಿಯೇ ‘ಮಾಸ್ಟರ್ ಆಫ್ ರಿಯಾಲಿಟಿ’ ಕಳಿಸಿ.